ಬಲಗೈ ಏಳದ ಹುಡುಗನ ಬೇಸ್‌ಬಾಲ್

ನನ್ನ ಮಗನ ಬಲಗೈ ಭುಜದ ಎತ್ತರಕ್ಕಿಂತ ಮೇಲೆ ಏಳುವುದಿಲ್ಲ. ಅಂಗೈಯನ್ನು ಪೂರ್ತಿ ಮೇಲ್ಮುಖ ಮಾಡಲೂ ಆಗುವುದಿಲ್ಲ. ಹೆರಿಗೆಯ ಹೊತ್ತಿನಲ್ಲಿ ಭುಜ ಸಿಕ್ಕಿಕೊಂಡು, ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳು ಜಗ್ಗಿಹೋಗಿದ್ದವು. ಈ ನರಗಳ ಜಾಲಕ್ಕೆ ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ಅದರ ಮೇಲ್ಭಾಗಕ್ಕೆ ಪೆಟ್ಟಾದರೆ ಎರ್ಬ್ಸ್ ಪಾಲ್ಸಿ. ಎಷ್ಟೋ ಮಕ್ಕಳಿಗೆ ಕೆಲವೇ ತಿಂಗಳಲ್ಲಿ ಸರಿಹೋಗುತ್ತದೆ. ನಮ್ಮವನಿಗೆ ಒಂದಷ್ಟು ಸರಿಹೋಯಿತು, ಒಂದಷ್ಟು ಉಳಿಯಿತು.

ನಾವಿರುವುದು ನ್ಯೂಜೆರ್ಸಿಯಲ್ಲಿ. ಚಳಿ ಕಳೆದು ಏಪ್ರಿಲ್ ಬಂತೆಂದರೆ ಇಲ್ಲಿ ಬೀದಿಯ ಮಕ್ಕಳೆಲ್ಲ ಬೇಸ್‌ಬಾಲ್ ಮೈದಾನದಲ್ಲಿ. "ನಾನೂ ಆಡ್ತೀನಮ್ಮ" ಅಂದ. ಡಾಕ್ಟರೂ ಫಿಸಿಯೋಥೆರಪಿಸ್ಟೂ ಆಡಲಿ ಅಂದರು. ಮೈದಾನದಲ್ಲಿ ಅವನಿಗೆ ಸಿಕ್ಕಿದ್ದು ರೈಟ್ ಫೀಲ್ಡ್. ಬ್ಯಾಟ್ ಮಾಡುವ ಮಕ್ಕಳಲ್ಲಿ ಬಲಗೈಯವರೇ ಹೆಚ್ಚು, ಅವರ ಹೊಡೆತ ಹೋಗುವುದು ಹೆಚ್ಚಾಗಿ ಎಡಕ್ಕೆ. ಹಾಗಾಗಿ ರೈಟ್ ಫೀಲ್ಡಿನಲ್ಲಿ ನಿಂತ ಮಗು ಹುಲ್ಲು ಕೀಳುತ್ತಾ ಕಾಲ ಕಳೆಯುತ್ತದೆ. ಕೋಚ್ ಕನಿಕರದಿಂದಲೇ ಅಲ್ಲಿ ನಿಲ್ಲಿಸಿದ್ದರು. ಆದರೆ ಕನಿಕರದಿಂದ ಯಾರೂ ಆಟ ಕಲಿಯುವುದಿಲ್ಲ.

ಆಮೇಲೆ ನಾನೂ ನನ್ನ ಗಂಡನೂ ಕೂತು ಒಂದು ಹಾಳೆಯಲ್ಲಿ ಬರೆದೆವು. ಕಾಯಿಲೆಯ ಹೆಸರನ್ನಲ್ಲ, ಅದು ಕೋಚ್‌ಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಎಡಗೈಯಲ್ಲಿ ಚೆನ್ನಾಗಿ ಎಸೆಯುತ್ತಾನೆ. ಓಟಕ್ಕೆ ತೊಂದರೆಯಿಲ್ಲ. ಬಲಗೈ ಭುಜದವರೆಗೆ ಬರುತ್ತದೆ. ಬಿದ್ದರೆ ಬಲಗೈ ಊರಲಾರ. ಇಷ್ಟೇ. ಅದನ್ನು ಓದಿದ ಕೋಚ್ ಕೇಳಿದ ಮೊದಲ ಪ್ರಶ್ನೆ, "ಹಾಗಾದರೆ ಗ್ಲೌಸ್ ಯಾವ ಕೈಗೆ?"

ಪ್ರಶ್ನೆ ಸರಿಯಾಗಿತ್ತು. ಎಡಗೈಯಲ್ಲಿ ಎಸೆಯುವವರು ಬಲಗೈಗೆ ಗ್ಲೌಸ್ ಹಾಕುತ್ತಾರೆ. ಇವನ ಬಲಗೈ ತಲೆಯ ಮೇಲಿನ ಚೆಂಡಿಗೆ ಏಳುವುದಿಲ್ಲ, ತೊಗಲಿನ ಗ್ಲೌಸನ್ನು ಗಟ್ಟಿಯಾಗಿ ಮುಚ್ಚಲು ಬೆರಳಿಗೆ ಬಲವೂ ಸಾಲದು. ಉತ್ತರ ಜಿಮ್ ಆಬಟ್ ಅವರ ಹಳೆಯ ವಿಡಿಯೊಗಳಲ್ಲಿ ಸಿಕ್ಕಿತು. ಮಿಷಿಗನ್‌ನ ಫ್ಲಿಂಟ್‌ನಲ್ಲಿ 1967ರಲ್ಲಿ ಬಲ ಹಸ್ತವೇ ಇಲ್ಲದೆ ಹುಟ್ಟಿದ ಆಬಟ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡಕ್ಕೆ ಪಿಚ್ ಮಾಡಿದವರು, ಅಂದರೆ ಬ್ಯಾಟ್ ಮಾಡುವವರಿಗೆ ಚೆಂಡು ಎಸೆದವರು. 1993ರ ಸೆಪ್ಟೆಂಬರ್ 4ರಂದು ಯಾಂಕೀಸ್ ತಂಡದ ಪರವಾಗಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಇಡೀ ಪಂದ್ಯದಲ್ಲಿ ಒಂದೂ ಹಿಟ್ ಬಿಟ್ಟುಕೊಡದವರು. ಅವರು ಎಡಗೈಯಲ್ಲೇ ಎಸೆದು, ಆ ಎಡಗೈಯನ್ನೇ ಗ್ಲೌಸಿಗೆ ತೂರಿಸಿ ಚೆಂಡು ಹಿಡಿಯುತ್ತಿದ್ದರು. ಹಿಡಿದ ಮೇಲೆ ಗ್ಲೌಸನ್ನು ಬಲಗೈಯಿಂದ ಮೈಗೆ ಅವಚಿಕೊಂಡು, ಎಡಗೈಯನ್ನು ಹೊರಗೆಳೆದು, ಗ್ಲೌಸಿನಿಂದ ಚೆಂಡು ತೆಗೆದು ಎಸೆಯುತ್ತಿದ್ದರು.

ನಮ್ಮ ಹುಡುಗನಿಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಎರ್ಬ್ಸ್ ಪಾಲ್ಸಿಯ ಕೈಗೆ ಮೇಲೇಳುವುದು, ಹೊರಕ್ಕೆ ತಿರುಗುವುದು ಕಷ್ಟ. ಎದೆಗೆ ಒತ್ತಿ ಹಿಡಿಯುವ ಬಲ ಸಾಮಾನ್ಯವಾಗಿ ಉಳಿದಿರುತ್ತದೆ. ಅಂದರೆ ಬಲಗೈಗೆ ಅದು ಮಾಡಬಲ್ಲ ಕೆಲಸವೇ ಸಿಕ್ಕಿತು. ಅಂಗಡಿಯಲ್ಲಿ ಎಡಗೈಗೆ ಹಾಕುವ ಸಾಮಾನ್ಯ ಗ್ಲೌಸನ್ನೇ, ಒಂದು ಅಳತೆ ಸಡಿಲವಾಗಿ ಕೊಂಡೆವು. ಕೈ ಸರಕ್ಕನೆ ಹೊರಬರಬೇಕಲ್ಲ. ಗ್ಯಾರೇಜಿನ ಗೋಡೆಗೆ ಟೆನಿಸ್ ಚೆಂಡು ಎಸೆದು, ಹಿಡಿದು, ಅವಚಿ, ತೆಗೆದು ಮತ್ತೆ ಎಸೆಯುವುದೇ ಬೇಸಗೆಯ ಕೆಲಸವಾಯಿತು. ಕೈ ಪಳಗಿದಂತೆ ಗೋಡೆಗೆ ಹತ್ತಿರ ನಿಲ್ಲುತ್ತಾ ಹೋದ.

ಮುಂದಿನದು ಜಾಗದ ಪ್ರಶ್ನೆ. ನಾವು ಕೇಳಿದ್ದು ಫಸ್ಟ್ ಬೇಸ್, ಚೆಂಡು ಹೊಡೆದವನು ಓಡಿ ಮೊದಲು ಮುಟ್ಟಬೇಕಾದ ಜಾಗ. ಅಲ್ಲಿ ನಿಂತವನ ಮುಖ್ಯ ಕೆಲಸ ಬೇಸ್ ಮೇಲೆ ಕಾಲಿಟ್ಟುಕೊಂಡು ಬೇರೆಯವರು ಎಸೆದ ಚೆಂಡನ್ನು ಹಿಡಿಯುವುದು. ಓಡಿ ಬರುವವನಿಗಿಂತ ಮೊದಲೇ ಚೆಂಡು ಕೈ ಸೇರಿದರೆ ಔಟ್. ಹೆಚ್ಚಿನ ಸಲ ತಿರುಗಿ ಎಸೆಯುವ ಆತುರವೇ ಇರುವುದಿಲ್ಲ. ಕೋಚ್ ಒಪ್ಪಿದರು.

ಬ್ಯಾಟಿಂಗ್‌ನಲ್ಲಿ ಅವನನ್ನು ಬಲಗೈ ಆಟಗಾರರ ಹಾಗೇ ನಿಲ್ಲಿಸಿದೆವು. ಹಾಗೆ ನಿಂತಾಗ ಹಿಡಿಯ ಕೆಳಗಿರುವ ಎಡಗೈ ಬ್ಯಾಟನ್ನು ಎಳೆದೊಯ್ಯುತ್ತದೆ, ಬಲಗೈ ಜೊತೆಗಿದ್ದು ಚೆಂಡು ತಾಗಿದ ಮೇಲೆ ಬಿಟ್ಟರಾಯಿತು. ಬ್ಯಾಟ್ ಹಗುರವಾಗಿರಬೇಕು, ಹಿಡಿ ಒಂದಿಷ್ಟು ಮೇಲಿರಬೇಕು. ಇದರಲ್ಲಿ ಒಂದು ಅಪಾಯವಿದೆ: ಪಿಚರ್ ಕಡೆಗಿರುವುದು ಗಟ್ಟಿ ಇರುವ ಎಡಗೈ. ಅದಕ್ಕೆ ಮೊಣಕೈ ಪ್ಯಾಡ್ ಕಟ್ಟಿಯೇ ಕಳಿಸುತ್ತೇವೆ.

ಬೀಳುವುದನ್ನೂ ಕಲಿಸಬೇಕು. ಚಿಕ್ಕ ಮಕ್ಕಳು ಮುಂದಿನ ಬೇಸ್ ಕಡೆಗೆ ಓಡುವಾಗ ತಲೆ ಮುಂದಾಗಿ ಜಾರುವುದನ್ನು, ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನ ನಿಯಮ ಒಪ್ಪುವುದಿಲ್ಲ. ಕಾಲು ಮುಂದಾಗಿಯೇ ಜಾರಬೇಕು. ನಮಗೆ ಅದು ಅನುಕೂಲವೇ ಆಯಿತು. ಫಿಸಿಯೋಥೆರಪಿಸ್ಟ್ ಎಡಕ್ಕೆ ಉರುಳಿ ಬೀಳುವುದನ್ನು ಮ್ಯಾಟ್ ಮೇಲೆ ಕಲಿಸಿದರು.

ಇಷ್ಟೆಲ್ಲದರ ನಡುವೆ ತಂದೆತಾಯಂದಿರು ಮರೆಯುವುದು ಚೆನ್ನಾಗಿರುವ ಕೈಯನ್ನು. ನಮ್ಮ ಹುಡುಗ ಎಸೆಯುವುದು, ಹಿಡಿಯುವುದು, ಬ್ಯಾಟ್ ಬೀಸುವುದು, ಆಮೇಲೆ ಊಟ, ಬರವಣಿಗೆ ಎಲ್ಲವೂ ಎಡಗೈಯಲ್ಲೇ. ಬೆಳೆಯುವ ಮಕ್ಕಳ ಮೊಣಕೈ, ಭುಜದಲ್ಲಿ ಎಲುಬಿನ ತುದಿಗಳು ಇನ್ನೂ ಎಳೆಯವು. ಅತಿಯಾಗಿ ಎಸೆದರೆ ಅಲ್ಲೇ ನೋವು ಶುರುವಾಗುತ್ತದೆ. ಲಿಟಲ್ ಲೀಗ್‌ನಲ್ಲಿ 9-10 ವರ್ಷದವರಿಗೆ ದಿನಕ್ಕೆ 75 ಪಿಚ್ ಮಿತಿ. 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ವಿರಾಮ. ಈಗ ಇವನಿಗೂ ಪಿಚ್ ಮಾಡುವ ಆಸೆ. ಮಾಡಲಿ, ಆದರೆ ನಮ್ಮ ಮನೆಯ ಮಿತಿ ಲೀಗಿನದಕ್ಕಿಂತ ಕಡಿಮೆ. ಮೊಣಕೈ ನೋಯುತ್ತದೆ ಎಂದರೆ ಆ ದಿನದ ಆಟ ಮುಗಿಯಿತು. ಅವನಿಗೆ ಮತ್ತೊಂದು ಎಡಗೈ ಇಲ್ಲ.

ಮೈಸೂರಿನಿಂದ ಅವನ ತಾತ ಫೋನಿನಲ್ಲಿ, "ನಮ್ಮ ಚಂದ್ರ ಇರಲಿಲ್ವೇನೋ ಪುಟ್ಟ?" ಎಂದು ಕೇಳುತ್ತಾರೆ. ಪೋಲಿಯೊದಿಂದ ಬಲಗೈ ಸೊರಗಿದ್ದ ಬಿ.ಎಸ್. ಚಂದ್ರಶೇಖರ್ ಅದೇ ಕೈಯಲ್ಲಿ ಬೌಲ್ ಮಾಡಿ ಟೆಸ್ಟ್ ಕ್ರಿಕೆಟ್‌ನಲ್ಲಿ 242 ವಿಕೆಟ್ ತೆಗೆದರು, 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ ಆರು. ಫೀಲ್ಡಿಂಗ್‌ನಲ್ಲಿ ಚೆಂಡು ಎಸೆಯುತ್ತಿದ್ದದ್ದು ಮಾತ್ರ ಎಡಗೈಯಲ್ಲಿ. ಆಬಟ್‌ಗೂ ಚಂದ್ರಗೂ ಸಮಾನವಾದದ್ದು ಇದೇ: ಯಾವ ಕೈಗೆ ಯಾವ ಕೆಲಸ ಎಂಬ ಲೆಕ್ಕ. ಆದರೆ ಈ ದೊಡ್ಡ ಹೆಸರುಗಳನ್ನು ಮಗುವಿನ ಹೆಗಲ ಮೇಲೆ ಹೇರಬಾರದು. ಸಾಮಾನ್ಯ ಆಟಗಾರನಾಗಿರುವ ಹಕ್ಕು ಅವನಿಗೂ ಇದೆ.

ಇನ್ನೂ ಹೆಚ್ಚು ನೆರವು ಬೇಕಾದ ಮಕ್ಕಳಿಗೆ ಲಿಟಲ್ ಲೀಗ್ 1989ರಿಂದ ಚಾಲೆಂಜರ್ ವಿಭಾಗ ನಡೆಸುತ್ತಿದೆ. ಅದಕ್ಕೆ ಸೇರಿಸಲು ಸಂಕೋಚ ಬೇಡ. ಎಲ್ಲಿ ಸೇರಿಸಿದರೂ ಮೊದಲು ವೈದ್ಯರನ್ನು ಕೇಳಿ, ಮಗು ಮಾಡಬಲ್ಲದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಕೋಚ್ ಹತ್ತಿರ ಹೋಗಿ. ಸುರಕ್ಷಿತವಾದ ಮೂಲೆಯನ್ನು ಕೇಳಬೇಡಿ, ಮಗು ಮಾಡಬಲ್ಲ ಕೆಲಸವನ್ನು ಕೇಳಿ.