ಸೆರೆಮನೆಯ ನಿಯಮಗಳೂ ಜನಾಂಗ ಸಮಾನತೆಯೂ

ಒಂದು ನಿಯಮವನ್ನು ಎಲ್ಲರಿಗೂ ಅನ್ವಯಿಸುವಂತೆ ಬರೆದಿಟ್ಟ ಮಾತ್ರಕ್ಕೆ ಅದರ ಫಲವೂ ಎಲ್ಲರಿಗೆ ಸಮನಾಗಿರುವುದೆಂದು ಹೇಳಲಾಗದು. ಪೌರನೀತಿಯ ಪಾಠದಲ್ಲಿ ನಾವು ‘ಕಾನೂನಿನ ಮುಂದೆ ಎಲ್ಲರೂ ಸಮಾನರು’ ಎಂದು ಓದುತ್ತೇವೆ. ಈ ತತ್ತ್ವವು ಸೆರೆಮನೆಯ ಗೋಡೆಗಳ ಒಳಗೆ ಎಷ್ಟರ ಮಟ್ಟಿಗೆ ನಡೆಯುತ್ತದೆ, ಅದನ್ನು ಅಳೆಯುವ ಬಗೆ ಯಾವುದು ಎಂಬುದನ್ನು ಇಲ್ಲಿ ವಿಚಾರಿಸೋಣ. ಸೆರೆಮನೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಹೊರಗಿರುವವನು ಒಂದು ಅಂಗಡಿಯಲ್ಲಿ ಅವಮಾನವಾದರೆ ಇನ್ನೊಂದಕ್ಕೆ ಹೋಗಬಲ್ಲನು. ಕೈದಿಯಾದರೋ ತನ್ನ ಊಟ, ನಿದ್ರೆ, ಜೊತೆಗಾರ, ಪ್ರಾಣ ಇವೆಲ್ಲವನ್ನೂ ಅಧಿಕಾರಿಗಳ ಕೈಗೆ ಒಪ್ಪಿಸಿರುತ್ತಾನೆ.

ಇಂಗ್ಲೆಂಡಿನ ಒಂದು ಪ್ರಕರಣವನ್ನು ನೋಡೋಣ. ಜಾಹಿದ್ ಮುಬಾರಕ್ ಎಂಬುವನು ಲಂಡನ್ನಿನಲ್ಲಿ ಬೆಳೆದ, ಪಾಕಿಸ್ತಾನ ಮೂಲದ ಕುಟುಂಬದ 19 ವರ್ಷದ ತರುಣ. ಸಣ್ಣ ಕಳವು ಮೊದಲಾದ ಅಪರಾಧಗಳಿಗಾಗಿ ಅವನಿಗೆ 90 ದಿನಗಳ ಶಿಕ್ಷೆಯಾಗಿತ್ತು. ಫೆಲ್ತಮ್ ಎಂಬಲ್ಲಿರುವ ತರುಣರ ಬಂದೀಗೃಹದಲ್ಲಿ ಅವನನ್ನು ಒಬ್ಬ ಬಿಳಿಯ ತರುಣನ ಜೊತೆಗೆ ಒಂದೇ ಕೋಣೆಯಲ್ಲಿ ಇರಿಸಿದರು. ಆ ಜೊತೆಗಾರನು ಹಿಂಸೆಗೆ ಇಳಿಯುವವನೆಂಬುದು ದಾಖಲೆಗಳಲ್ಲಿ ಇತ್ತು. ಅವನು ಬರೆದ ಕಾಗದಗಳಲ್ಲಿ ಜನಾಂಗದ್ವೇಷವು ತುಂಬಿತ್ತು. 2000ನೆಯ ಇಸವಿ ಮಾರ್ಚ್ 21ರ ನಸುಕಿನಲ್ಲಿ ಅವನು ಮಲಗಿದ್ದ ಮುಬಾರಕನನ್ನು ಮೇಜಿನ ಕಾಲಿನಿಂದ ಹೊಡೆದನು. ಒಂದು ವಾರದ ಬಳಿಕ ಮುಬಾರಕ್ ತೀರಿಕೊಂಡನು. ಹಲ್ಲೆ ನಡೆದ ಆ ದಿನವೇ ಅವನ ಬಿಡುಗಡೆಯಾಗಬೇಕಾಗಿತ್ತು.

ಕೊಂದವನಿಗೆ ಶಿಕ್ಷೆಯಾಯಿತು. ಆದರೆ ಮುಬಾರಕನ ಮನೆಯವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಅಂಥವನ ಜೊತೆಗೆ ನಮ್ಮ ಹುಡುಗನನ್ನು ಇರಿಸಿದವರು ಯಾರು, ಯಾವ ನಿಯಮದ ಪ್ರಕಾರ ಇರಿಸಿದರು ಎಂದು ಅವರು ಕೇಳಿದರು. ಸರ್ಕಾರವು ಬಹಿರಂಗ ವಿಚಾರಣೆಗೆ ಒಪ್ಪದಿರಲು ನ್ಯಾಯಾಲಯಕ್ಕೆ ಹೋದರು. 2003ರಲ್ಲಿ ಅಲ್ಲಿನ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ವಿಚಾರಣೆ ನಡೆಯಲೇಬೇಕೆಂದು ತೀರ್ಪಿತ್ತಿತು. ನ್ಯಾಯಮೂರ್ತಿ ಕೀತ್ ಅವರು 2006ರಲ್ಲಿ ಕೊಟ್ಟ ವರದಿಯಲ್ಲಿ 88 ಸಲಹೆಗಳಿದ್ದುವು. ಕಾಗದವು ಒಂದು ಕಚೇರಿಯಿಂದ ಇನ್ನೊಂದಕ್ಕೆ ಮುಟ್ಟದಿರುವುದು, ಮುಟ್ಟಿದರೂ ಓದುವವರಿಲ್ಲದಿರುವುದು, ಇಂಥ ಸಣ್ಣ ಸಣ್ಣ ಉಪೇಕ್ಷೆಗಳು ಸೇರಿ ಒಂದು ಪ್ರಾಣವನ್ನು ತೆಗೆಯಬಲ್ಲವೆಂಬುದು ಆ ವರದಿಯಿಂದ ತಿಳಿದುಬರುತ್ತದೆ.

ಇಷ್ಟರಲ್ಲಿ ಕಾನೂನೂ ಬದಲಾಗಿತ್ತು. 1993ರಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಕರಿಯ ತರುಣನ ಕೊಲೆಯಾಗಿ, ಪೋಲೀಸರ ತನಿಖೆ ಕೆಟ್ಟುಹೋದುದರ ಬಗೆಗೆ 1999ರಲ್ಲಿ ಮ್ಯಾಕ್‌ಫರ್ಸನ್ ವರದಿ ಬಂದಿತ್ತು. ಅದರ ಫಲವಾಗಿ 2000ದಲ್ಲಿ ಜನಾಂಗ ಸಂಬಂಧಗಳ ಕಾನೂನನ್ನು ತಿದ್ದಿದರು. ಭೇದ ಮಾಡದಿದ್ದರೆ ಸಾಲದು, ಸಮಾನತೆಯನ್ನು ಬೆಳೆಸುವುದೂ ಸರ್ಕಾರಿ ಸಂಸ್ಥೆಗಳ ಕರ್ತವ್ಯವೆಂದು ಈ ತಿದ್ದುಪಡಿ ವಿಧಿಸಿತು. ಸೆರೆಮನೆಗಳೂ ಇದಕ್ಕೆ ಒಳಪಟ್ಟುವು. ಒಂದು ನಿಯಮವು ಬೇರೆ ಬೇರೆ ಜನಾಂಗದವರ ಮೇಲೆ ಯಾವ ಪರಿಣಾಮ ಮಾಡುವುದೆಂದು ಮೊದಲೇ ಪರೀಕ್ಷಿಸಿ, ಜಾರಿಯಾದ ಮೇಲೆಯೂ ಲೆಕ್ಕವಿಡುವ ಪದ್ಧತಿ ಹೀಗೆ ಬೆಳೆಯಿತು.

ಆ ಲೆಕ್ಕವನ್ನು ನಾವೂ ಮಾಡಿ ನೋಡಬಹುದು. ಇಂಗ್ಲೆಂಡಿನ ಸೆರೆಮನೆಗಳಲ್ಲಿ 1995ರಲ್ಲಿ ಒಂದು ಏರ್ಪಾಡು ಬಂದಿತು. ಒಳ್ಳೆಯ ನಡತೆಯ ಕೈದಿಗೆ ಮೇಲಿನ ದರ್ಜೆ, ಹೆಚ್ಚು ಸೌಲಭ್ಯ. ನಡತೆ ಸರಿಯಿಲ್ಲದವನಿಗೆ ಕೆಳದರ್ಜೆ. ಇದರಲ್ಲಿ ಬಣ್ಣದ ಮಾತೇ ಇಲ್ಲ. ಒಂದು ಸೆರೆಮನೆಯಲ್ಲಿ 300 ಬಿಳಿಯರೂ 100 ಕರಿಯರೂ ಇದ್ದಾರೆಂದು ಊಹಿಸಿಕೊಳ್ಳೋಣ. ಕೆಳದರ್ಜೆಯಲ್ಲಿ 30 ಬಿಳಿಯರು, 20 ಕರಿಯರು. ತಲೆಯೆಣಿಕೆಯಿಂದ ನೋಡಿದರೆ ಬಿಳಿಯರೇ ಹೆಚ್ಚು. ಶೇಕಡಾವಾರು ನೋಡಿದರೋ ಬಿಳಿಯರಲ್ಲಿ 10, ಕರಿಯರಲ್ಲಿ 20! ಗಣಿತದ ತರಗತಿಯಲ್ಲಿ ಬೇಸರ ತರುವ ಶೇಕಡಾ ಲೆಕ್ಕ ಇಲ್ಲಿ ಎಂಥ ಕೆಲಸ ಮಾಡುತ್ತದೆ ನೋಡಿರಿ.

ಈ ಅಂತರ ಕಂಡೊಡನೆ ಅನ್ಯಾಯವಾಯಿತೆಂದು ಕೂಗುವುದೂ ಸರಿಯಲ್ಲ. ವಯಸ್ಸು, ಶಿಕ್ಷೆಯ ಅವಧಿ ಮೊದಲಾದ ಬೇರೆ ಕಾರಣಗಳನ್ನೂ ಶೋಧಿಸಬೇಕು. ಆದರೆ ‘ನಡತೆ ಸರಿಯಿಲ್ಲ’ ಎಂಬ ನಿರ್ಣಯವನ್ನು ಮಾಡುವವನು ಒಬ್ಬ ಮನುಷ್ಯ. ಒಬ್ಬನ ಗಟ್ಟಿದನಿ ಅವನಿಗೆ ಉತ್ಸಾಹವಾಗಿ ಕಾಣಬಹುದು, ಇನ್ನೊಬ್ಬನ ಗಟ್ಟಿದನಿ ಉದ್ಧಟತನವಾಗಿ ಕಾಣಬಹುದು. ಭೇದವು ನುಸುಳುವ ಸಂದು ಹೆಚ್ಚಾಗಿ ಇದೇ ಎಂದು ನಮ್ಮ ಅಭಿಪ್ರಾಯ. 2017ರಲ್ಲಿ ಡೇವಿಡ್ ಲ್ಯಾಮಿಯವರು ನಡೆಸಿದ ಸಮೀಕ್ಷೆಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸಿನ ಜನಸಂಖ್ಯೆಯಲ್ಲಿ ಅಲ್ಪಸಂಖ್ಯಾತ ಜನಾಂಗದವರು ಶೇಕಡಾ 14. ಸೆರೆಮನೆಗಳಲ್ಲಿ ಶೇಕಡಾ 25. ಇಂಥ ಅಂತರಕ್ಕೆ ಸಂಸ್ಥೆಯು ತಕ್ಕ ಕಾರಣ ಕೊಡಬೇಕು, ಕೊಡಲಾಗದಿದ್ದರೆ ತನ್ನ ಪದ್ಧತಿಯನ್ನು ತಿದ್ದಿಕೊಳ್ಳಬೇಕು ಎಂಬುದು ಅವರು ಮುಂದಿಟ್ಟ ಸೂತ್ರ.

ನಮ್ಮ ದೇಶದಲ್ಲಿ ಇದೇ ಪ್ರಶ್ನೆ ಜಾತಿಯ ರೂಪದಲ್ಲಿ ಎದ್ದಿತು. ಹಲವು ರಾಜ್ಯಗಳ ಸೆರೆಮನೆ ಕೈಪಿಡಿಗಳಲ್ಲಿ ಅಡಿಗೆಯನ್ನೂ ಕಸಗುಡಿಸುವುದನ್ನೂ ಜಾತಿ ನೋಡಿ ಹಂಚುವ ನಿಯಮಗಳು ಉಳಿದುಕೊಂಡಿದ್ದುವು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಅವು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಪು ಕೊಟ್ಟಿತು. ಕೈದಿಗಳ ರಿಜಿಸ್ಟರಿನಲ್ಲಿ ಜಾತಿಯ ಕಾಲಮ್ಮನ್ನು ತೆಗೆದುಹಾಕಬೇಕೆಂದೂ ಆಜ್ಞಾಪಿಸಿತು. ಬ್ರಿಟನ್ನಿನಲ್ಲಿ ಭೇದವನ್ನು ಪತ್ತೆಹಚ್ಚಲು ಜನಾಂಗದ ಕಾಲಮ್ಮು ಬೇಕು. ಇಲ್ಲಿಯಾದರೋ ಭೇದ ಮಾಡಲು ಜಾತಿಯ ಕಾಲಮ್ಮು ಸಾಧನವಾಗಿತ್ತು. ಬರೆದ ಅಕ್ಷರ ಒಂದೇ ಬಗೆಯದು, ಅದನ್ನು ಯಾರು ಯಾವ ಕೆಲಸಕ್ಕೆ ಓದುತ್ತಾರೆಂಬುದು ಬೇರೆ. ಕಾಲಮ್ಮೇ ಇಲ್ಲದಿದ್ದರೆ ಉಳಿದ ಭೇದವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಮೇಲಿನ ತರಗತಿಯವರು ಚರ್ಚಾಕೂಟಕ್ಕೆ ಎತ್ತಿಕೊಳ್ಳಬಹುದು.