ಹಿಟ್ಟು ಮತ್ತು ಬೆಟ್ಟ

ಹಿಟ್ಟು ತಿಂದವನು ಬೆಟ್ಟವನ್ನು ಕಿತ್ತಿಡುವನೆಂಬುದು ರಾಗಿಯನ್ನುಣ್ಣುವ ನಾಡಿನ ಹಳೆಯ ಮಾತು. ಜನರು ಇದನ್ನು ರಾಗಿಯ ಹೊಗಳಿಕೆಯೆಂದೇ ತಿಳಿಯುತ್ತಾರೆ. ಆದರೆ ಇದರಲ್ಲೊಂದು ಲೆಕ್ಕವೂ ಅಡಗಿದೆ. ಹಿಟ್ಟು ದೇಹದ ಆದಾಯ. ಬೆಟ್ಟವನ್ನು ಕೀಳುವ ದುಡಿಮೆ ಅದರ ವೆಚ್ಚ.

ಈ ಆದಾಯ ವೆಚ್ಚಗಳನ್ನು ಅಳೆಯುವ ಮಾನವೇ ಕ್ಯಾಲೊರಿ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾಗುವ ಶಾಖವನ್ನು ಆಹಾರದ ಲೆಕ್ಕದಲ್ಲಿ ಒಂದು ಕ್ಯಾಲೊರಿ ಎನ್ನುತ್ತಾರೆ. ಒಂದು ಗ್ರಾಂ ಪಿಷ್ಟದಿಂದಾಗಲಿ ಸಸಾರಜನಕದಿಂದಾಗಲಿ ಸುಮಾರು 4, ಒಂದು ಗ್ರಾಂ ಕೊಬ್ಬಿನಿಂದ ಸುಮಾರು 9 ಕ್ಯಾಲೊರಿ ದೊರೆಯುತ್ತವೆ. ನೂರು ಗ್ರಾಂ ಹಿಟ್ಟಿನಿಂದ ಮಾಡಿದ ರಾಗಿಮುದ್ದೆಯಲ್ಲಿ ಸುಮಾರು 320 ಕ್ಯಾಲೊರಿಗಳಿರುತ್ತವೆ.

ಇನ್ನು ವೆಚ್ಚದ ಅಂದಾಜು. ಮನುಷ್ಯನು ಸುಮ್ಮನೆ ಮಲಗಿದ್ದರೂ ಹೃದಯ ಮಿಡಿಯುತ್ತದೆ, ಉಸಿರಾಡುತ್ತದೆ, ಮೈ ಬೆಚ್ಚಗಿರುತ್ತದೆ. ಇದು ದೇಹದ ಮೂಲವೆಚ್ಚ. ತೂಕ, ವಯಸ್ಸು, ಲಿಂಗಗಳಿಗೆ ಅನುಗುಣವಾಗಿ ಇದು ವ್ಯತ್ಯಾಸವಾಗುತ್ತದೆ. ಇದರ ಮೇಲೆ ದುಡಿಮೆಯ ವೆಚ್ಚವನ್ನು ಕೂಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಇಂಥ ಅಂದಾಜುಗಳನ್ನು ಪ್ರಕಟಿಸಿತು. ಅದರಂತೆ 65 ಕಿಲೋಗ್ರಾಂ ತೂಗುವ ಪುರುಷನು ಕುಳಿತು ಕೆಲಸ ಮಾಡುವವನಾದರೆ ಅವನಿಗೆ ದಿನಕ್ಕೆ 2110 ಕ್ಯಾಲೊರಿ ಸಾಕು. ಕಠಿಣ ದುಡಿಮೆಯವನಾದರೆ 3470 ಬೇಕು. 55 ಕಿಲೋಗ್ರಾಂ ತೂಗುವ ಸ್ತ್ರೀಗೆ ಈ ಪ್ರಮಾಣಗಳು ಕ್ರಮವಾಗಿ 1660 ಮತ್ತು 2720.

ಒಂದೇ ತೂಕದ ಇಬ್ಬರು ಸಹೋದರರನ್ನು ಊಹಿಸಿಕೊಳ್ಳಬಹುದು. ಅಣ್ಣನು ಹೊಸದುರ್ಗದ ತೋಟದಲ್ಲಿ ತೆಂಗಿನ ಸಸಿಗೆ ಗುಂಡಿ ತೋಡುತ್ತಾನೆ. ತಮ್ಮನು ಚಿತ್ರದುರ್ಗದ ಕಚೇರಿಯಲ್ಲಿ ಕಡತ ಬರೆಯುತ್ತಾನೆ. ಇಬ್ಬರ ಅಗತ್ಯಗಳ ಅಂತರ 1360 ಕ್ಯಾಲೊರಿ, ಎಂದರೆ ನಾಲ್ಕು ಮುದ್ದೆಗಳಿಗೂ ಮಿಗಿಲು! ತಮ್ಮನು ದಿನವೂ ಅಗತ್ಯಕ್ಕಿಂತ 250 ಕ್ಯಾಲೊರಿ ಹೆಚ್ಚು ಉಂಡರೆ ತಿಂಗಳಿಗೆ 7500 ಉಳಿಯುತ್ತದೆ. ಒಂದು ಕಿಲೋಗ್ರಾಂ ಮೈಕೊಬ್ಬು ಸುಮಾರು 7700 ಕ್ಯಾಲೊರಿಗೆ ಸಮ. ಹೀಗೆ ಉಳಿತಾಯವೇ ಬೊಜ್ಜಾಗಿ, ಬೊಜ್ಜು ಸಕ್ಕರೆ ಕಾಯಿಲೆಗೂ ರಕ್ತದೊತ್ತಡಕ್ಕೂ ದಾರಿಯಾಗುತ್ತದೆ.

ಹಿಂದೆ ಮುದ್ದೆಯು ತಟ್ಟೆಗೆ ಬರುವ ಮೊದಲೇ ವೆಚ್ಚ ಆರಂಭವಾಗುತ್ತಿತ್ತು. ದುರ್ಗದ ಓಬವ್ವನ ಒನಕೆಯು ಆಯುಧವಾದುದು ಒಂದು ದಿನ; ಉಳಿದ ದಿನಗಳಲ್ಲಿ ಅದು ಧಾನ್ಯ ಕುಟ್ಟುವ ಸಾಧನವೇ. ಇಂದು ಹಿರಿಯೂರು, ಹೊಳಲ್ಕೆರೆಗಳ ಹಳ್ಳಿಗಳಲ್ಲಿಯೂ ಗಿರಣಿಯು ಹಿಟ್ಟು ಬೀಸುತ್ತದೆ, ಮೋಟಾರು ನೀರೆತ್ತುತ್ತದೆ. ಬೆಟ್ಟ ಕುಗ್ಗಿದೆ, ಹಿಟ್ಟಿನ ಅಳತೆ ಮಾತ್ರ ಅಜ್ಜನ ಕಾಲದ್ದೇ ಆಗಿ ಉಳಿದರೆ ಲೆಕ್ಕ ತಪ್ಪುತ್ತದೆ.

ಲೆಕ್ಕವು ಇನ್ನೊಂದು ಬದಿಗೂ ತಪ್ಪಬಹುದು. ಹಗಲೆಲ್ಲ ಕಳೆ ಕಿತ್ತು, ಎಲ್ಲರೂ ಉಂಡ ಮೇಲೆ ಉಳಿದುದನ್ನು ಉಣ್ಣುವ ತಾಯಿಯ ದೇಹ ಸಾಲದಲ್ಲಿರುತ್ತದೆ. ಆ ಸಾಲವನ್ನು ಅದು ತನ್ನ ಮಾಂಸವನ್ನು ಕರಗಿಸಿಯೇ ತೀರಿಸಬೇಕು. ಬೆಳೆಯುವ ಮಕ್ಕಳಿಗೆ ಬೆಳವಣಿಗೆಯೇ ಒಂದು ವೆಚ್ಚ. 13ರಿಂದ 15 ವರ್ಷದ ಬಾಲಕನಿಗೆ 2860, ಬಾಲಕಿಗೆ 2400 ಕ್ಯಾಲೊರಿ ಬೇಕೆಂದು ಅದೇ ಸಂಸ್ಥೆ ಹೇಳುತ್ತದೆ. ತೆಳ್ಳಗಾಗಬೇಕೆಂದು ಈ ವಯಸ್ಸಿನಲ್ಲಿ ಉಪವಾಸ ಮಾಡುವುದು ಬೆಳೆಯುವ ಪೈರಿಗೆ ನೀರು ನಿಲ್ಲಿಸಿದಂತೆ.

ಈ ಅಂಕಿಗಳೆಲ್ಲವೂ ಅಂದಾಜುಗಳೇ. ಅಂದಾಜು ಸರಿಯೇ ಎಂಬುದನ್ನು ತಿಂಗಳಿಗೊಮ್ಮೆ ತಕ್ಕಡಿ ತಿಳಿಸುತ್ತದೆ. ತೂಕ ಏರಿದ ಹಿರಿಯರು ಅರ್ಧ ಮುದ್ದೆ ತಗ್ಗಿಸಿ, ಕೋಟೆಯ ಮೆಟ್ಟಿಲುಗಳನ್ನು ಏರಬಹುದು. ತೂಕ ಇಳಿದವರ ತಟ್ಟೆಗೆ ಮೊದಲು ಬಡಿಸಬೇಕು. ಹಿಟ್ಟಿಗೆ ತಕ್ಕ ಬೆಟ್ಟ, ಬೆಟ್ಟಕ್ಕೆ ತಕ್ಕ ಹಿಟ್ಟು. ಆರೋಗ್ಯದ ಗುಟ್ಟು ಇಷ್ಟೆ.