ಒಂದು ಪಾವಲಿ ಸಿಕ್ಕಿದ ಸಂತೋಷ: ವಾರದ ಸಣ್ಣ ಜಯಗಳು

ಯುವಜನರ ಕೂಟ, ವಡಗಾವಿ
ವಾಕ್ಯಭಾಗ: ಲೂಕ 15:8-10, ಜೆಕರ್ಯ 4:10, 2 ಅರಸುಗಳು 4:1-7

ಬೈಬಲ್ ತಂದವರು ಬೈಬಲ್ ತೆಗೀರಿ. ಫೋನಿನಲ್ಲಿ ಓದುವವರು ಫೋನ್ ತೆಗೀರಿ, ಆದರೆ ವಾಟ್ಸಾಪ್ ಕಡೆ ಹೋಗಬ್ಯಾಡ್ರಿ. ಲೂಕ 15ನೇ ಅಧ್ಯಾಯ, 8ನೇ ವಚನ.

ಈ ಅಧ್ಯಾಯದಲ್ಲಿ ಕಳೆದುಹೋದದ್ದರ ಮೂರು ಕಥೆ ಇವೆ. ಕಳೆದುಹೋದ ಮಗನ ಕಥೆ ಎಲ್ಲರಿಗೂ ಗೊತ್ತು. ಕಳೆದುಹೋದ ಕುರಿಯ ಚಿತ್ರ ಎಷ್ಟೋ ಮನೆಗಳ ಗೋಡೆ ಮೇಲೆ ಕ್ಯಾಲೆಂಡರಿನಲ್ಲಿದೆ. ಇವೆರಡರ ನಡುವೆ ಒಬ್ಬ ಹೆಂಗಸಿನ ಕಥೆ ಇದೆ, ಅದನ್ನ ಮಾತ್ರ ನಾವು ಓದಿ ದಾಟಿಬಿಡ್ತೀವಿ. ಆಕೆ ಹತ್ರ ಹತ್ತು ನಾಣ್ಯ ಇದ್ದವು. ಒಂದು ಕಳೀತು. ದೀಪ ಹಚ್ಚಿದಳು, ಕಸ ಹೊಡೆದಳು, ಮೂಲೆ ಮೂಲೆ ಹುಡುಕಿದಳು. ಸಿಕ್ಕಿತು. ಸಿಕ್ಕ ಮೇಲೆ ಗಂಟು ಕಟ್ಟಿ ಸುಮ್ಮನೆ ಕೂತಳೇನು? ಇಲ್ಲ. ಗೆಳತಿಯರನ್ನ, ನೆರೆಮನೆಯವರನ್ನ ಕರೆದಳು, ನನ್ನ ಜೊತೆ ಸಂತೋಷಪಡ್ರಿ ಅಂದಳು.

ಎಷ್ಟು ದುಡ್ಡಿಗೆ ಇಷ್ಟೆಲ್ಲಾ? ಗ್ರೀಕಿನಲ್ಲಿ ಅದು ದ್ರಾಖ್ಮ, ಹೆಚ್ಚುಕಡಿಮೆ ಒಬ್ಬ ಕೂಲಿಯವನ ಒಂದು ದಿನದ ಪಗಾರ. ಹಳೆಯ ಕನ್ನಡ ಬೈಬಲಿನಲ್ಲಿ ಪಾವಲಿ ಅಂತ ಇದೆ. ನಿಮ್ಮಲ್ಲಿ ಎಷ್ಟೋ ಜನ ಪಾವಲಿ ನೋಡಿರಲಿಕ್ಕಿಲ್ಲ. ಪಾವಲಿ ಅಂದ್ರೆ ನಾಲ್ಕಾಣೆ, 25 ಪೈಸೆ. 2011ರ ಜೂನ್ 30ರಿಂದ ಅದು ಚಲಾವಣೆಯಲ್ಲೇ ಇಲ್ಲ. ಮನೇಲಿ ಅಜ್ಜಿ ಇದ್ದರೆ ಕೇಳ್ರಿ, ಆಕೆಯ ಕುಂಕುಮದ ಡಬ್ಬಿಯಲ್ಲೋ ಹಳೇ ಟ್ರಂಕಿನಲ್ಲೋ ಒಂದು ಇದ್ದೇ ಇರ್ತದ.

ಈ ಸಾಮ್ಯದ ಮುಖ್ಯ ಅರ್ಥ ದುಡ್ಡಲ್ಲ. ಒಬ್ಬ ಪಾಪಿ ಮಾನಸಾಂತರಪಟ್ಟರೆ ಪರಲೋಕದಲ್ಲಿ ಸಂತೋಷ ಆಗ್ತದೆ, ಅದನ್ನ ಹೇಳಲಿಕ್ಕೇ ಯೇಸು ಈ ಮಾತು ಆಡಿದ್ದು. ಅದನ್ನ ಯಾರೂ ಪಕ್ಕಕ್ಕಿಡಬ್ಯಾಡ್ರಿ. ಆದರೆ ಪರಲೋಕದ ಸಂತೋಷ ಹೆಂಗಿರ್ತದ ಅಂತ ತೋರಿಸಲಿಕ್ಕೆ ಆತನು ಅರಮನೆಯ ಹಬ್ಬ ಆರಿಸಿಕೊಳ್ಳಲಿಲ್ಲ ನೋಡ್ರಿ. ಒಂದು ದಿನದ ಕೂಲಿ ಸಿಕ್ಕಿದ್ದಕ್ಕೆ ಓಣಿಯನ್ನೇ ಕರೆದ ಬಡವಿಯನ್ನ ಆರಿಸಿಕೊಂಡ. ಅಷ್ಟಕ್ಕೇನು ಇಷ್ಟು ಗದ್ದಲ ಅಂತ ಆತನು ನಗಲಿಲ್ಲ.

ನಗುವವರು ನಾವು. ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ಸಮಯ ಬಂದಾಗ ಯಾರು ಎದ್ದು ನಿಲ್ತಾರೆ? ಬೆಂಗಳೂರಿನಲ್ಲಿ ನೌಕರಿ ಸಿಕ್ಕವರು, ವೀಸಾ ಬಂದವರು, ಪ್ಲಾಟ್ ತಗೊಂಡವರು. ಅವರಿಗಾಗಿ ಸ್ತೋತ್ರ, ಅದರಲ್ಲಿ ತಪ್ಪೇನಿಲ್ಲ. ಆದರೆ ಕರೆಂಟ್ ಬಿಲ್ ಕೊನೇ ತಾರೀಖಿನ ಒಳಗೆ ಕಟ್ಟಿದೆವು ಅಂತ ಯಾರಾದ್ರೂ ಸಾಕ್ಷಿ ಹೇಳಿದ್ದು ಕೇಳಿದ್ದೀರಾ? ಈ ವಾರ ಅಪ್ಪ-ಅವ್ವ ದುಡ್ಡಿನ ವಿಷಯಕ್ಕೆ ಜಗಳಾಡಲಿಲ್ಲ ಅಂತ? ಇಲ್ಲ. ಹಿಂಗಾಗಿ ಬೆಳೆಯುವ ಹುಡುಗರಿಗೆ ಏನು ಅನಿಸ್ತದೆ ಅಂದ್ರೆ, ದೇವರು ನಮ್ಮ ಮನೆಗೆ ಆಯುಷ್ಯದಲ್ಲಿ ಎರಡೋ ಮೂರೋ ಸಲ ಬರ್ತಾನೆ, ಉಳಿದ ದಿನ ಬೇರೆಯವರ ಮನೇಲಿರ್ತಾನೆ. ಇದು ಸುಳ್ಳು. ಮತ್ತು ಈ ಸುಳ್ಳು ಬಹಳ ತುಟ್ಟಿ. ದೊಡ್ಡ ಸಾಕ್ಷಿ ಬೇಕು ಅಂತ ದೊಡ್ಡ ಸಾಲ ಮಾಡಿದವರು ಇದ್ದಾರೆ.

ಈಗ ಜೆಕರ್ಯ 4:10. ಸಣ್ಣ ಕೆಲಸಗಳ ದಿನವನ್ನು ಕೀಳಾಗಿ ಕಂಡವರು ಯಾರು ಅಂತ ಅಲ್ಲಿ ಪ್ರಶ್ನೆ ಇದೆ. ಈ ಮಾತು ಬಂದ ಸಂದರ್ಭ ಇದು. ಬಾಬೆಲಿನ ಸೆರೆಯಿಂದ ತಿರುಗಿ ಬಂದ ಜನ ಯೆರೂಸಲೇಮಿನಲ್ಲಿ ದೇವಾಲಯಕ್ಕೆ ಅಸ್ತಿವಾರ ಹಾಕಿದರು. ಮೊದಲಿನ ಆಲಯ ನೋಡಿದ್ದ ಮುದುಕರು ಅದನ್ನ ನೋಡಿ ಗಟ್ಟಿಯಾಗಿ ಅತ್ತರು, ಎಜ್ರನ ಪುಸ್ತಕ 3ನೇ ಅಧ್ಯಾಯದಲ್ಲಿದೆ. ಆಮೇಲೆ ಕೆಲಸ ನಿಂತೇಹೋಯಿತು. ಹತ್ತಿರ ಹತ್ತಿರ 16 ವರ್ಷ. ಕ್ರಿಸ್ತಪೂರ್ವ 520ರಲ್ಲಿ ಹಗ್ಗಾಯ, ಜೆಕರ್ಯ ಇಬ್ಬರು ಪ್ರವಾದಿಗಳು ಎದ್ದ ಮೇಲೆ ಮತ್ತೆ ಶುರುವಾಯಿತು. ಜೆಕರ್ಯನ ಮಾತಿನಲ್ಲಿ ಸಂತೋಷ ಯಾವಾಗ ಆಗ್ತದೆ ಗಮನಿಸ್ರಿ. ಆಲಯ ಮುಗಿದ ಮೇಲಲ್ಲ. ಜೆರುಬ್ಬಾಬೆಲನ ಕೈಯಲ್ಲಿ ನೂಲುಗುಂಡು ಕಂಡಾಗ! ಗವಂಡಿ ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲಿಕ್ಕೆ ದಾರಕ್ಕೆ ಕಟ್ಟಿ ಇಳಿಬಿಡ್ತಾನಲ್ಲ, ಅದು. ಗೋಡೆ ಇನ್ನೂ ಮೊಣಕಾಲೆತ್ತರ. ದೇವರು ಆಗಲೇ ಸಂತೋಷಪಡ್ತಾನೆ. ಆಮೆನ್?

ವಡಗಾವಿಯಲ್ಲಿ ಹುಟ್ಟಿದವರಿಗೆ ಇದು ಬಿಡಿಸಿ ಹೇಳೋದು ಬೇಕಾಗಿಲ್ಲ. ವಡಗಾವಿ, ಶಹಾಪುರ, ಖಾಸಬಾಗ ಅಂದ್ರೆ ನೇಕಾರರ ಊರು. ಸೀರೆ ಒಮ್ಮೆಲೇ ಬೀಳೋದಿಲ್ಲ. ಒಂದೊಂದು ಎಳೆ ಹೊಕ್ಕು ಹೋಗಬೇಕು, ಒಬ್ಬರು ಕಂಡಿಕೆ ಸುತ್ತಬೇಕು, ಒಬ್ಬರು ಮಗ್ಗದ ಮೇಲಿರಬೇಕು. 2020ರ ಲಾಕ್‌ಡೌನ್‌ನಲ್ಲಿ ಮಗ್ಗ ನಿಂತಾಗ ಆ ಖಟಖಟ ಸಪ್ಪಳ ಇಲ್ಲದ ಓಣಿ ಎಷ್ಟು ಹೆದರಿಕೆ ಆಗ್ತಿತ್ತು ಅಂತ ನಿಮಗೆ ನೆನಪಿದೆ. ಈಗ ನಿಮ್ಮಲ್ಲಿ ಎಷ್ಟೋ ಜನ ಮಗ್ಗ ಬಿಟ್ಟು ಉದ್ಯಮಬಾಗಕ್ಕೆ ಹೋಗ್ತೀರಿ, ಅಂಗಡಿಗೆ ಹೋಗ್ತೀರಿ, ಖಾನಾಪುರದಿಂದ ದಿನಾ ಓಡಾಡೋರೂ ಇದ್ದೀರಿ. ಆದರೂ ನಮ್ಮ ಮನೆಗಳ ಲೆಕ್ಕ ಇನ್ನೂ ವಾರದ ಲೆಕ್ಕವೇ. ಪಗಾರ ವಾರಕ್ಕೆ. ಸಂತೆ ವಾರಕ್ಕೆ. ಸಂಘದ ಕಂತು ವಾರಕ್ಕೆ. ಕಂತಿಗೆ ವಾರ ಗೊತ್ತು ಮಾಡಿದ್ದೇವೆ, ಸಂತೋಷಕ್ಕೆ ಮಾಡಿಲ್ಲ. ಕಂತು ಕಟ್ಟುವ ದಿನ ಮನೆಯವರೆಲ್ಲ ಮುಖ ಗಂಟು ಹಾಕ್ಕೊಂಡಿರ್ತೀವಿ. ಕಟ್ಟಿ ಬಂದ ಮೇಲೆ? ಒಂದು ನಿಟ್ಟುಸಿರು, ಮುಗೀತು. ಕಟ್ಟಿದೆವಲ್ಲ, ಅದು ಜಯ ಅಲ್ಲವೇನು?

ಅದಕ್ಕೇ ಈ ಪಾಠ. ವಾರದಲ್ಲಿ ಒಂದು ಸಂಜೆ ಗೊತ್ತು ಮಾಡ್ರಿ. ಶನಿವಾರ ರಾತ್ರಿ ಆಗಬಹುದು, ರವಿವಾರ ಆರಾಧನೆ ಮುಗಿಸಿ ಖಾಸಬಾಗದ ಸಂತೆಗೆ ಹೋಗುವ ಮುಂಚೆ ಆಗಬಹುದು. ಕುಟುಂಬ ಪ್ರಾರ್ಥನೆಗೆ ಕೂತಾಗ ಹತ್ತು ನಿಮಿಷ. ಎಲ್ಲರೂ ಒಂದೊಂದು ಹೇಳಬೇಕು, ಶಾಲೆಗೆ ಹೋಗುವ ತಮ್ಮನೂ ಹೇಳಬೇಕು. ಈ ವಾರ ಹೊರಗಿನ ಚಹಾ ಬಿಟ್ಟು 150 ರೂಪಾಯಿ ಉಳಿಸಿದೆ. ಹಳೇ ಉದ್ರಿ ತೀರಿಸಿದೆ, ಕಿರಾಣಿ ಅಂಗಡಿ ಮುಂದೆ ಈಗ ತಲೆ ಎತ್ತಿ ಹೋಗಬಹುದು. ಉಳಿದ ಅನ್ನ ಚೆಲ್ಲದೆ ಮರುದಿನ ಚಿತ್ರಾನ್ನ ಮಾಡಿದೆ (ಯೋಹಾನ 6:12 ಓದ್ರಿ, ಐದು ಸಾವಿರ ಜನಕ್ಕೆ ಊಟ ಕೊಟ್ಟವನೇ ಉಳಿದ ತುಣುಕು ಕೂಡಿಸಿಕೊಳ್ಳಿ ಅಂದ). ಅಪ್ಪ ಕುಡಿಯದೆ ಮನೆಗೆ ಬಂದ. ಅತ್ತೆ-ಸೊಸೆ ಒಂದೇ ತಾಟಿನಲ್ಲಿ ಉಂಡರು. ಇದರಲ್ಲಿ ಯಾವುದೂ ಸಣ್ಣದಲ್ಲ ಅಂತ ನಾನು ಹೇಳೋದಿಲ್ಲ. ಸಣ್ಣವೇ. ಸಣ್ಣ ದಿನವನ್ನ ದೊಡ್ಡದು ಮಾಡ್ರಿ ಅಂತ ಜೆಕರ್ಯ ಹೇಳಲಿಲ್ಲ, ಕೀಳಾಗಿ ಕಾಣಬ್ಯಾಡ್ರಿ ಅಂದ.

ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೀರಿ. ಆ್ಯಪ್ ಬ್ಯಾಡ, ಅವ್ವ ಓದುವ ಹಾಗಿರಬೇಕು. ಇದು ಹೊಸದೇನಲ್ಲ. ಕರ್ನಾಟಕದಲ್ಲಿ 2000ನೇ ಇಸವಿಯಲ್ಲಿ ಸ್ತ್ರೀಶಕ್ತಿ ಸಂಘಗಳು ಶುರುವಾದ ಮೇಲೆ ನಿಮ್ಮ ಅವ್ವಂದಿರು, ಚಿಕ್ಕಮ್ಮಂದಿರು ವಾರಕ್ಕೊಮ್ಮೆ ಕೂಡಿ, ಚೂರುಪಾರು ಉಳಿತಾಯ ಪುಸ್ತಕದಲ್ಲಿ ಬರೆಸಿದವರು. ವಾರಕ್ಕೆ 200 ಅಂದ್ರೆ ವರ್ಷಕ್ಕೆ 10,400. ಜೂನ್‌ನಲ್ಲಿ ಶಾಲೆ ಫೀ ಅಂತ ಬಡ್ಡಿಗೆ ಓಡುವ ಮನೆಗೆ 10,400 ಎಷ್ಟು ದೊಡ್ಡದು ಅಂತ ಓಡಿದವರಿಗೆ ಗೊತ್ತು. ಇನ್ನೊಂದು ಮಾತು, ಗೃಹಲಕ್ಷ್ಮಿಯ 2,000 ಅವ್ವನ ಖಾತೆಗೆ ಬರ್ತದೆ, ಅದು ನಿಮ್ಮ ಫೋನಿನ ಕಂತಿಗಲ್ಲ. ನಗ್ತೀರಿ, ಆದರೆ ನಾನು ಯಾರಿಗೆ ಹೇಳಿದೆ ಅಂತ ಅವರಿಗೆ ಗೊತ್ತಾಯಿತು.

ಹಬ್ಬ ಮಾಡಬಹುದಾ? ಮಾಡಲೇಬೇಕು. ಧರ್ಮೋಪದೇಶಕಾಂಡ 14ನೇ ಅಧ್ಯಾಯ, 24ರಿಂದ 27 ಓದ್ರಿ. ದಶಮಾಂಶ ಹೊತ್ತುಕೊಂಡು ಹೋಗಲಿಕ್ಕೆ ದಾರಿ ದೂರ ಆದರೆ ಮಾರಿ ಹಣ ಮಾಡಿಕೋ, ಅಲ್ಲಿಗೆ ಹೋಗಿ ನಿನಗೆ ಬೇಕಾದ್ದು ತಗೊಂಡು ದೇವರ ಮುಂದೆ ಮನೆಯವರ ಜೊತೆ ಉಂಡು ಸಂತೋಷಪಡು ಅಂತ ಮೋಶೆ ಹೇಳ್ತಾನೆ. ಊರಲ್ಲಿರುವ, ಭೂಮಿ ಇಲ್ಲದ ಲೇವಿಯನನ್ನು ಬಿಡಬೇಡ ಅಂತಲೂ ಹೇಳ್ತಾನೆ. ಅಂದಮೇಲೆ ಬೆಳಗಾವಿಯಲ್ಲಿದ್ದು ಕಾಲು ಕಿಲೋ ಕುಂದಾ ತರದೆ ಇರೋದು ಯಾವ ಆತ್ಮಿಕತೆ? ತರ್ರಿ, ತಿನ್ರಿ, ಪಕ್ಕದ ಮನೆ ಅಜ್ಜಿಗೂ ಒಂದು ಚಮಚ ಕೊಡ್ರಿ. ಆದರೆ 150 ಉಳಿಸಿದ ವಾರ 600 ಖರ್ಚು ಮಾಡಿ ಪಿಜ್ಜಾ ತರಿಸಬ್ಯಾಡ್ರಿ. ದುಡ್ಡೇ ಇಲ್ಲದ ವಾರ ಚುರುಮುರಿಗೆ ಈರುಳ್ಳಿ ಹೆಚ್ಚಿ ಹಾಕಿದರೂ ಹಬ್ಬವೇ.

ಇಲ್ಲಿ ನೂಲುಗುಂಡು ಮತ್ತೆ ಬೇಕು. ನೂಲುಗುಂಡು ಮುಲಾಜು ನೋಡೋದಿಲ್ಲ, ಗೋಡೆ ಸೊಟ್ಟ ಇದ್ದರೆ ಸೊಟ್ಟ ಅಂತದೆ. ಅವ್ವ ರಾತ್ರಿ ಊಟ ಬಿಟ್ಟು ಉಳಿಸಿದ ದುಡ್ಡನ್ನ ಜಯ ಅಂತ ಬರೀಬ್ಯಾಡ್ರಿ. ಅದು ಆ ಮನೆಯ ನಷ್ಟ. ಕೆಲಸದವರ ಪಗಾರ ತಡ ಮಾಡಿ ಉಳಿಸಿದ್ದು ಉಳಿತಾಯವಲ್ಲ. ಕೂಲಿಯವನ ಕೂಲಿ ಹೊತ್ತು ಮುಳುಗುವುದರೊಳಗೆ ಕೊಡು ಅಂತ ಅದೇ ಧರ್ಮೋಪದೇಶಕಾಂಡ 24ರಲ್ಲಿದೆ. ದುಡಿಯುವ ತಂಗಿಯ ಪಗಾರವನ್ನೆಲ್ಲ ತಗೊಂಡು ಅಣ್ಣ ಬೈಕ್ ಕಂತು ಕಟ್ಟಿದರೆ, ಆ ಸಂಜೆ ತಂಗಿ ಏನು ಸಾಕ್ಷಿ ಹೇಳಬೇಕು?

ಈಗ ಕಠಿಣವಾದದ್ದು. 2 ಅರಸುಗಳು 4ನೇ ಅಧ್ಯಾಯ. ಪ್ರವಾದಿಗಳ ಮಂಡಳಿಯವನೊಬ್ಬ ತೀರಿಕೊಂಡಿದ್ದಾನೆ, ಸಾಲಗಾರ ಬಂದು ಇಬ್ಬರು ಮಕ್ಕಳನ್ನ ಜೀತಕ್ಕೆ ಎಳಕೊಂಡು ಹೋಗ್ತೀನಿ ಅಂತಿದ್ದಾನೆ. ದೇವಭಯ ಇದ್ದ ಮನೆ, ಆದರೂ ಸಾಲ ಇತ್ತು. ಸಾಲ ಇದ್ದವರಿಗೆ ವಿಶ್ವಾಸ ಇಲ್ಲ ಅನ್ನುವವರು ಈ ವಚನ ಓದಿಲ್ಲ. ಆ ವಿಧವೆ ಮಾಡಿದ ಮೊದಲನೇ ಕೆಲಸ ಏನು? ಬಾಯಿ ಬಿಟ್ಟು ಹೇಳಿದಳು. ಎಲೀಷನು ಎಷ್ಟು ಸಾಲ ಅಂತ ಬೈಯಲಿಲ್ಲ, ಮನೇಲಿ ಏನಿದೆ ಅಂತ ಕೇಳಿದ. ಒಂದು ಮೊಗೆ ಎಣ್ಣೆ ಬಿಟ್ಟರೆ ಏನೂ ಇಲ್ಲ ಅಂದಳು. ನೆರೆಮನೆಗಳಿಂದ ಖಾಲಿ ಪಾತ್ರೆ ತಂದು, ಬಾಗಿಲು ಮುಚ್ಚಿಕೊಂಡು ಎಣ್ಣೆ ಹೊಯ್ದರು. ಅದ್ಭುತ ಆದದ್ದು ಮುಚ್ಚಿದ ಬಾಗಿಲ ಹಿಂದೆ, ಸ್ಟೇಟಸ್ಸಿನ ಮೇಲಲ್ಲ. ತುಂಬಿದ ಮೇಲೂ ಪ್ರವಾದಿ ಹೇಳಿದ ಕ್ರಮ ನೋಡ್ರಿ, ಮಾರು, ಮೊದಲು ಸಾಲ ತೀರಿಸು, ಉಳಿದದ್ದರಲ್ಲಿ ನೀನೂ ಮಕ್ಕಳೂ ಜೀವನ ಮಾಡ್ರಿ.

ಈ ಕೂಟದಲ್ಲಿ ಕೂತವರ ಫೋನುಗಳಲ್ಲಿ ಮನೆಯವರಿಗೆ ಹೇಳದ ಸಾಲ ಇದೆ. ಲೋನ್ ಆ್ಯಪ್ ಇರಬಹುದು, ಗೆಳೆಯನ ಹತ್ತಿರ ತಗೊಂಡದ್ದು ಇರಬಹುದು, ಅವ್ವನ ಹೆಸರಿನಲ್ಲಿ ಸಂಘದಿಂದ ಎತ್ತಿ ಬೇರೆಯವರಿಗೆ ಕೊಟ್ಟದ್ದು ಇರಬಹುದು. ಹೇಳದ ಸಾಲ ಇರುವ ಮನೇಲಿ ಶನಿವಾರದ ಸಂಜೆ ನಾಟಕ ಆಗ್ತದೆ. ಅದಕ್ಕೇ ಹೇಳ್ತೀನಿ, ಹೇಳಿದ ದಿನವನ್ನೇ ಮೊದಲ ಜಯ ಅಂತ ಬರೀರಿ. ಅಪ್ಪಂದಿರೇ, ಅವ್ವಂದಿರೇ, ಈ ಪಾಠ ನೀವೂ ಓದ್ತಿದ್ದರೆ, ಮಗ ಬಂದು ಹೇಳಿದ ರಾತ್ರಿ ಬೈಬ್ಯಾಡ್ರಿ. ಬೈಗುಳ ಮರುದಿನಕ್ಕೂ ಕೆಡೋದಿಲ್ಲ.

ಹೆದರಿಕೆಯಿಂದ ಸುಮ್ಮನಿರುವವರಿಗೆ ಕಾನೂನು ಗೊತ್ತಿರಲಿ. ರಿಸರ್ವ್ ಬ್ಯಾಂಕಿನ ನಿಯಮ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯ ಇರುವ ಮನೆಗೆ ಅಡ ಇಲ್ಲದೆ ಕೊಡುವ ಸಾಲ ಮೈಕ್ರೋಫೈನಾನ್ಸ್ ಸಾಲ. ಮನೆಯ ಎಲ್ಲಾ ಸಾಲದ ಕಂತು ಕೂಡಿಸಿದರೆ ತಿಂಗಳ ಆದಾಯದ ಅರ್ಧ ದಾಟಬಾರದು. ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ರ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ. ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಬಂತು, 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ. ತಗೊಂಡ ಸಾಲ ಕಟ್ಟಬೇಕು, ವಿಧವೆ ಕಟ್ಟಿದಳು. ಆದರೆ ಮನೆ ಮುಂದೆ ನಿಂತು ಮಾನ ಕಳೆಯುವ ಹಕ್ಕು ಯಾರಿಗೂ ಇಲ್ಲ. ಪೊಲೀಸ್ ಠಾಣೆಗೆ ಹೋಗ್ರಿ, ಒಬ್ಬರೇ ಹೋಗಲಿಕ್ಕೆ ಹೆದರಿಕೆ ಆದರೆ ನಮಗೆ ಹೇಳ್ರಿ.

ಏನೂ ಜಯ ಇಲ್ಲದ ವಾರ ಬರ್ತದೆ. ಮಗ್ಗಕ್ಕೆ ಕೆಲಸ ಇಲ್ಲ, ಮಗುವಿಗೆ ಜ್ವರ, ದವಾಖಾನೆಗೆ ಉಳಿತಾಯವೆಲ್ಲ ಹೋಯಿತು. ಆ ವಾರ ಸುಳ್ಳು ಸಾಕ್ಷಿ ಬರೀಬ್ಯಾಡ್ರಿ. ತಾರೀಖು ಹಾಕಿ, ಏನು ಹೋಯಿತೋ ಅದನ್ನೇ ಬರೀರಿ, ಪ್ರಾರ್ಥನೆ ಮಾಡ್ರಿ. ಆ ಹೆಂಗಸು ದೀಪ ಹಚ್ಚಿ ಹುಡುಕುತ್ತಿದ್ದ ಹೊತ್ತೂ ಆ ಕಥೆಯಲ್ಲೇ ಇದೆ.

ಈಗ ಎದ್ದು ನಿಲ್ಲೋಣ. ಮುಂದಿನ ರವಿವಾರ ಸಾಕ್ಷಿಯ ಸಮಯದಲ್ಲಿ ಮೊದಲ ಹತ್ತು ನಿಮಿಷ 500 ರೂಪಾಯಿ ಒಳಗಿನ ಸಾಕ್ಷಿಗಳಿಗೆ ಮಾತ್ರ, ಪ್ಲಾಟಿನವರು ಆಮೇಲೆ. ಹೇಳದ ಸಾಲ ಇರುವವರು ಪ್ರಾರ್ಥನೆ ಮುಗಿದ ಮೇಲೆ ಒಳಗಿನ ಕೋಣೆಗೆ ಬರ್ರಿ. ಹೆಸರು ಯಾರೂ ಬರಕೊಳ್ಳೋದಿಲ್ಲ. ಬರುವಾಗ ಫೋನ್ ಮತ್ತು ಕಂತಿನ ಕಾರ್ಡ್ ತರ್ರಿ, ಕೂಡಿಸಿ ನೋಡೋಣ.